ಇನ್ನೊಂದು ಗೇಣು, ಎದ್ದುಬುಡ್ತೀನಿ

ನನ್ನ ಯಜಮಾನರ ಮಂಡಿನೋವಿನ ವಿಷಯ ಹೇಳಬೇಕಾದರೆ ಮೊದಲು ಗುಂಡಿಯ ವಿಷಯ ಹೇಳಬೇಕು. ಗುಂಡಿ ಗೊತ್ತಿಲ್ಲದವರಿಗೆ ಆ ಮಂಡಿಯೂ ಅರ್ಥವಾಗುವುದಿಲ್ಲ, ಆ ಮನುಷ್ಯನ ಹಟವೂ ಅರ್ಥವಾಗುವುದಿಲ್ಲ.

ಕೊಯಮತ್ತೂರಿನ ಕಡೆಯ ಕರುಮತ್ತಂಪಟ್ಟಿಯ ಹತ್ತಿರ ನಮ್ಮ ಕನ್ನಡದವರದ್ದೇ ಒಂದು ನೇಕಾರರ ಬೀದಿ. ಯಾವ ಮನೆಗೆ ಕಾಲಿಟ್ಟರೂ ನಡುಮನೆಯಲ್ಲಿ ಒಂದು ಮಗ್ಗ, ಮಗ್ಗದ ಬುಡದಲ್ಲಿ ನೆಲಕ್ಕೆ ತೋಡಿದ ಒಂದು ಗುಂಡಿ. ನೇಯುವವನು ಗುಂಡಿಯ ಅಂಚಿಗೆ ಮಣೆ ಹಾಕಿಕೊಂಡು ಕೂತು, ಕಾಲೆರಡನ್ನೂ ಒಳಗೆ ಇಳಿಬಿಟ್ಟು, ಅಡಿಯಲ್ಲಿರುವ ತುಳಿಮಣೆಗಳನ್ನು ತುಳಿಯಬೇಕು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರ ಹೊಟ್ಟೆಗೆ ತಗಲುವಷ್ಟು ಹತ್ತಿರ ಅಡ್ಡ ಇರುತ್ತದೆ. ಅದನ್ನು ಪಡಮರ ಎನ್ನುತ್ತಿದ್ದೆವು. ಹಾಸಿನ ನೂಲನ್ನು, ಅಂದರೆ ಮಗ್ಗದ ಉದ್ದಕ್ಕೂ ಹೋಗುವ ಎಳೆಗಳನ್ನು, ಬಿಗಿಯಾಗಿ ಎಳೆದಿಡುವ ಹಗ್ಗ ಆಚೆ ತುದಿಯ ಗೂಟ ಸುತ್ತಿ ಬಂದು ನೇಕಾರನ ಬಲಗೈ ಪಕ್ಕದಲ್ಲೇ ಗಂಟು ಬೀಳುತ್ತದೆ. ಇಳಿಯುವುದು ಸುಲಭ. ಏಳುವುದಕ್ಕೆ ಮಾತ್ರ ಎರಡೂ ಕೈ ಹಿಂದಕ್ಕೆ ಊರಿ, ಸೊಂಟ ಎತ್ತಿ, ಕಾಲುಗಳನ್ನು ಒಂದೊಂದಾಗಿ ಮೇಲಕ್ಕೆಳೆದುಕೊಳ್ಳಬೇಕು. ಹುಡುಗ ಮಗ್ಗಕ್ಕೆ ಕೂರುವ ವಯಸ್ಸಿಗೆ ಬಂದಾಗ ಅವನ ಕಾಲು ಅಳೆದು ಆ ಅಳತೆಗೆ ಗುಂಡಿ ತೋಡುವುದು ನಮ್ಮವರ ಪದ್ಧತಿ. ನಮ್ಮ ಮನೆಯ ಗುಂಡಿ ನನ್ನ ಯಜಮಾನರ ಕಾಲಿನ ಅಳತೆಯದು. ಅವರು ಎತ್ತರದ ಆಳು, ಗುಂಡಿಯೂ ಆಳ.

ನಾನು ಕೊಳ್ಳೇಗಾಲದ ಕಡೆಯಿಂದ ಆ ಬೀದಿಗೆ ಸೊಸೆಯಾಗಿ ಬಂದವಳು. ಆಗ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕನ್ನಡ ಅಕ್ಷರ ನಾನು ಅಲ್ಲಿ ಕಲಿತು ಬಂದದ್ದು. ಈ ಬೀದಿಯಲ್ಲಿ ಕನ್ನಡ ಬಾಯಲ್ಲಿತ್ತೇ ಹೊರತು ಕೈಯಲ್ಲಿರಲಿಲ್ಲ. ಬಾಯಿ ನನ್ನದೂ ಕಡಿಮೆಯಿರಲಿಲ್ಲ ಅನ್ನಿ. "ಕೊಳ್ಳೇಗಾಲದ ಮೆಣಸಿನಕಾಯಿ" ಎಂದೇ ನನ್ನನ್ನು ಕರೆಯುತ್ತಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಗಂಡನ ಮನೆ ಸೇರಿದ ಮೇಲೆ ಮನೆಯಲ್ಲಿ ನಾವು ಮೂರೇ ಜನ. ನಾನು, ಯಜಮಾನರು, ಮತ್ತು ಗಂಡ ಸತ್ತು ತವರಿಗೆ ಬಂದಿದ್ದ ಅವರ ಅಕ್ಕ. ನಾನು ಆಕೆಯನ್ನು ಅತ್ತಿಗೆ ಎನ್ನುತ್ತಿದ್ದೆ. ಆಕೆಯೂ ನಾನೂ ರಾಟೆ ತಿರುಗಿಸಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿ ಕೊಡುವುದು, ಅವರು ನೇಯುವುದು. ಮಗ್ಗಕ್ಕೆ ಹೆಂಗಸು ಕೂರುವುದು ನಮ್ಮ ಬೀದಿಯಲ್ಲಿ ಇರಲಿಲ್ಲ.

ಅದು ಮೂವತ್ತರ ದಶಕ. ಕೊಯಮತ್ತೂರಿನಲ್ಲಿ ಒಂದರ ಹಿಂದೊಂದು ನೂಲಿನ ಗಿರಣಿ ಏಳುತ್ತಿತ್ತು. ಯಜಮಾನರಿಗೆ ಆಗ ಐವತ್ತು ಹತ್ತಿರ. ಮೊದಲು ಬಲಮಂಡಿ ಕಟಕಟ ಅನ್ನತೊಡಗಿತು. "ಏನೂಂದ್ರೆ, ಮಗ್ಗ ಸದ್ದು ಮಾಡ್ತಾ ಅದೋ, ನಿಮ್ಮ ಮಂಡಿಯೋ?" ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವರೂ ನಗುತ್ತಿದ್ದರು. ಒಂದು ಚಳಿಗಾಲ ಕಳೆಯುವುದರೊಳಗೆ ಆ ನಗೆ ಹೋಯಿತು. ಮಂಡಿ ಊದಿತು, ಎಡಗಡೆಯದೂ ಜೊತೆಗೆ ಸೇರಿತು. ಬೆಳಿಗ್ಗೆ ಎದ್ದರೆ ಕಾಲು ಕೊರಡು. ಗೋಡೆ ಹಿಡಿದು ನಿಂತು, ಹಲ್ಲು ಕಚ್ಚಿ, ಬಾಗಿಲವರೆಗೆ ನಡೆದ ಮೇಲೆ ಸ್ವಲ್ಪ ಸಡಿಲವಾಗುತ್ತಿತ್ತು.

ನಾನು ಸುಮ್ಮನೆ ಕೂರುವವಳಲ್ಲ. ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಎಕ್ಕದೆಲೆಯನ್ನು ಕಾವಲಿಯ ಮೇಲೆ ಬಾಡಿಸಿ ಮಂಡಿಗೆ ಕಟ್ಟಿದೆ. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟೆ. ಒಂದು ಸಲ ಹೆಚ್ಚು ಬಿಸಿಯಾಗಿ ತೊಗಲು ಬೊಬ್ಬೆ ಎದ್ದಿತು, ಅದಕ್ಕೂ ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೇಲಿಯ ಮೇಲೆ ಹಬ್ಬುವ ಮುಡಕತ್ತಾನ್ ಸೊಪ್ಪು ಕೀಲುನೋವಿಗೆ ಒಳ್ಳೆಯದು ಅಂತ ಯಾರೋ ಅಂದರು. ಅದನ್ನು ಅರೆದು ಹಿಟ್ಟಿಗೆ ಕಲಸಿ ದೋಸೆ ಹಾಕಿದೆ. ಹಸಿರು ದೋಸೆ ನೋಡಿ ಅತ್ತಿಗೆ ಮೂಗು ಮುರಿದರೂ ಅವರು ಮಾತಾಡದೆ ತಿಂದರು.

ಪಕ್ಕದ ಊರಿನ ತಮಿಳು ವೈದ್ಯರು ಬಂದು ನೋಡಿದರು. ಮುದುಕರು. ಮಂಡಿಯ ಮೇಲೆ ಅಂಗೈ ಇಟ್ಟು, ಕಾಲನ್ನು ಮಡಿಸಿ ಚಾಚಿ, ಒಳಗಿನ ಕರಕರವನ್ನು ಕೇಳಿಸಿಕೊಂಡರು.

"ತೇಯ್ದು ಪೋಚ್ಚು ಅಮ್ಮಿಣಿ," ಎಂದರು ನನ್ನ ಕಡೆ ತಿರುಗಿ. ಕೀಲು ತೇಯ್ದುಹೋಗಿದೆ ಅಂತ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ, ನೋವನ್ನು ಹತೋಟಿಯಲ್ಲಿಟ್ಟುಕೊಂಡು ಹೋಗಬಹುದು ಅಷ್ಟೆ. ನೊಚ್ಚಿ ಸೊಪ್ಪು, ನಾವು ಲಕ್ಕಿ ಅನ್ನುತ್ತೇವಲ್ಲ, ಅದನ್ನು ಕುದಿಸಿದ ನೀರಿನ ಶಾಖ ಕೊಡಿ, ತಾವು ಕೊಡುವ ಎಣ್ಣೆ ಹಚ್ಚಿ ಎಂದರು. ಎಲ್ಲಕ್ಕಿಂತ ಹೆಚ್ಚಾಗಿ, ಆಗಾಗ ಗುಂಡಿ ಬಿಟ್ಟು ಎದ್ದು ಬಂದು ನಾಲ್ಕು ಹೆಜ್ಜೆ ನಡೆಯಬೇಕು, ಕಾಲು ಚಾಚಬೇಕು, ಒಂದೇ ಕಡೆ ಕೂತರೆ ಕೀಲು ಹಿಡಿದುಕೊಳ್ಳುತ್ತದೆ ಎಂದರು.

ಎಣ್ಣೆಯಿಂದ ಗುಣ ಇರಲಿಲ್ಲ ಅನ್ನಲಾರೆ. ಶಾಖ ಕೊಟ್ಟ ಸಂಜೆ ಮುಖ ಸ್ವಲ್ಪ ತಿಳಿಯಾಗುತ್ತಿತ್ತು. ಆದರೆ ಎದ್ದು ನಡೆಯುವುದು? ಅದೇ ಆಗದ ಮಾತು. ಏಳುವುದೇ ಅವರಿಗೆ ಪ್ರಾಣಹಿಂಸೆ. ಸೊಂಟ ಎತ್ತಿ ಕಾಲು ಮೇಲಕ್ಕೆಳೆದುಕೊಳ್ಳುವಾಗ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು, ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದನ್ನು ತಪ್ಪಿಸಿಕೊಳ್ಳಲು ಅವರು ಕಂಡುಕೊಂಡ ದಾರಿ, ಏಳದೇ ಇರುವುದು. ಬೆಳಗಾಗುತ್ತಲೇ ಗುಂಡಿಗೆ ಇಳಿದರೆ ದೀಪ ಹಚ್ಚುವ ಹೊತ್ತಿಗೇ ಮೇಲೆ ಬರುವುದು. "ಏಳಿ, ಊಟಕ್ಕೆ ಬನ್ನಿ" ಅಂದರೆ ಒಂದೇ ಮಾತು.

"ಇನ್ನೊಂದು ಗೇಣು, ಎದ್ದುಬುಡ್ತೀನಿ."

ಒಂದು ಗೇಣು ನೇಯುತ್ತಿದ್ದರು, ಏಳುತ್ತಿರಲಿಲ್ಲ. ಕೊನೆಗೆ ತಟ್ಟೆಯನ್ನು ಗುಂಡಿಯ ಹತ್ತಿರಕ್ಕೇ ಒಯ್ದು ಕೊಡತೊಡಗಿದೆವು. ಅತ್ತಿಗೆಯಂತೂ ತಮ್ಮನಿಗೆ ತುತ್ತು ಕಲಸಿ ಕೈಗಿಡುತ್ತಿದ್ದಳು. ಅಷ್ಟು ಹೊತ್ತು ಮಡಿಸಿಟ್ಟ ಕಾಲು ಸಂಜೆಗೆ ಚಾಚಲೂ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ ಇದೆ, ಹೇಳಲು ನಾಚಿಕೆ, ಆದರೆ ಹೇಳದಿದ್ದರೆ ಕಥೆ ಅರ್ಧ. ನಮ್ಮಲ್ಲಿ ಆಗ ಬಹಿರ್ದೆಸೆಗೆ ಹೊಲದ ಕಡೆಗೇ ಹೋಗಬೇಕು, ಕುಕ್ಕರಗಾಲಲ್ಲೇ ಕೂರಬೇಕು. ಹಾಗೆ ಕೂತರೆ ಅವರಿಗೆ ಏಳಲಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಜಾಲಿ ಗಿಡದ ಬುಡ ಹಿಡಿದು ಏಳಲಾರದೆ ಒದ್ದಾಡುತ್ತಿದ್ದವರನ್ನು ಬೀದಿಯ ಇಬ್ಬರು ಎತ್ತಿ ನಿಲ್ಲಿಸಿದರಂತೆ. ಅಂದಿನಿಂದ ಅವರು ಊಟ ಅರ್ಧ ಮಾಡಿದರು. ನೀರು ಕುಡಿಯುವುದನ್ನಂತೂ ಬಿಟ್ಟೇಬಿಟ್ಟರು. ಚೊಂಬು ಇಟ್ಟರೆ ಇಟ್ಟ ಹಾಗೇ ಇರುತ್ತಿತ್ತು.

"ಬಾಯಾರಲ್ವಾ ನಿಮಗೆ? ಮನುಷ್ಯರೋ ಮರವೋ?" ಎಂದು ರೇಗಿದೆ ಒಂದು ದಿನ.

"ನೀರು ಕುಡಿದ್ರೆ ಏಳ್ಬೇಕಲ್ಲೇ," ಎಂದರು, ಬೇರೆಲ್ಲೋ ನೋಡುತ್ತ.

ನನಗೆ ಸಿಟ್ಟು ಬಂತು. ದುಃಖವಾದಾಗಲೂ ನನಗೆ ಮೊದಲು ಬರುವುದು ಸಿಟ್ಟೇ. ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಯಾಕೆ ಇಷ್ಟು ಹಟ ಎಂದು ಕೇಳುತ್ತೀರಿ. ಮಗ್ಗದ ಸದ್ದು ನಿಂತ ಮನೆಗೆ ವ್ಯಾಪಾರಿ ನೂಲು ಕೊಡುವುದಿಲ್ಲ. ನೂಲು ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ. ಅದಕ್ಕಿಂತ ದೊಡ್ಡದು ಬೇರೆ ಇತ್ತು. ಗುಂಡಿ ಬಿಟ್ಟ ಗಂಡಸು ನಮ್ಮ ಬೀದಿಯಲ್ಲಿ ಜಗಲಿಯ ಮೇಲೆ ಕೂತು ಹೋಗಿಬರುವವರನ್ನು ಎಣಿಸುವವನು. ಅವನನ್ನು ಯಾರೂ ಏನೂ ಅನ್ನುವುದಿಲ್ಲ, ಏನೂ ಕೇಳುವುದೂ ಇಲ್ಲ. ಸಾಯುವವರೆಗೆ ಆ ಗುಂಡಿಯಲ್ಲಿ ಕೂರಬೇಕು ಎಂಬುದೊಂದೇ ಯಜಮಾನರ ಆಸೆ. ಅವರು ಬದುಕಬೇಕು ಎಂಬುದು ನನ್ನದು. ಇವೆರಡೂ ಒಂದೇ ಅಲ್ಲ ಎಂದು ನನಗೆ ಆ ಹೊತ್ತಿಗೆ ಗೊತ್ತಾಗತೊಡಗಿತ್ತು.

ಅತ್ತಿಗೆ ಆನೈಮಲೈಯ ಅಮ್ಮನ ಗುಡಿಗೆ ಹೋಗಿಬರೋಣ ಎಂದಳು. ಅನ್ಯಾಯವಾದವರು ಅಲ್ಲಿ ಒಣಮೆಣಸಿನಕಾಯಿ ಅರೆದು ಕಲ್ಲಿಗೆ ಬಳಿದು ತಾಯಿಯ ಹತ್ತಿರ ದೂರು ಹೇಳುತ್ತಾರೆ. "ಯಾರ ಮೇಲೆ ದೂರು ಹೇಳೋದು ಅತ್ತಿಗೆ, ಮಂಡಿ ಮೇಲಾ?" ಎಂದು ನಾನು ಕೇಳಿದೆ. ಆದರೂ ಹೋದೆ. ಅರೆಯುವಾಗ ಕೈ ಉರಿಯಿತು, ಕಣ್ಣಲ್ಲಿ ನೀರು. ಯಾರ ಹೆಸರು ಹೇಳುವುದೆಂದು ತಿಳಿಯದೆ, "ಆ ಗುಂಡಿ ನನ್ನ ಗಂಡನನ್ನ ನುಂಗ್ತಾ ಅದೆ ತಾಯಿ, ಬಿಡಿಸಿಕೊಡು" ಎಂದು ಕಲ್ಲಿಗೆ ಬಳಿದುಬಿಟ್ಟೆ. ವಾಪಸು ಬರುವಾಗ ದಾರಿಯುದ್ದಕ್ಕೂ ಹೇಳಿದ ಮಾತನ್ನೇ ತಿರುತಿರುಗಿ ನೆನೆದೆ. ಗುಂಡಿಯಿಂದ ಮನುಷ್ಯ ಬಿಡಿಸಿಕೊಳ್ಳುವುದು ಎರಡು ರೀತಿ ಅಲ್ಲವೆ.

ದೀಪಾವಳಿಗೆ ಇನ್ನೂ ಎರಡು ಮೂರು ತಿಂಗಳಿತ್ತು, ಆಗಲೇ ಸೀರೆಗಳಿಗೆ ಅವಸರ. ನೂಲಿನ ವ್ಯಾಪಾರಿಯ ಗುಮಾಸ್ತ ಕೊಯಮತ್ತೂರಿನಿಂದ ಬಂದವನು ಇವರ ಮುಖ ನೋಡಿ, ತನ್ನ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಎರಡು ಬಿಳಿ ಮಾತ್ರೆ ಕೊಟ್ಟ. ತಲೆನೋವಿಗೆ ಇಂಗ್ಲಿಷ್ ಔಷಧಿ, ಕಾಲಿಗೂ ಆಗುತ್ತದೆ ಎಂದ. ಅವರು ಒಂದನ್ನು ನುಂಗಿದರು. ಮಧ್ಯಾಹ್ನದ ಹೊತ್ತಿಗೆ, ನಂಬಿದರೆ ನಂಬಿ, ತಾವಾಗಿಯೇ ಗುಂಡಿಯಿಂದ ಎದ್ದು, ಕೈ ಬೀಸಿಕೊಂಡು ಬೀದಿಯ ತುದಿಯವರೆಗೆ ನಡೆದು ಬಂದರು.

"ನೋಡಿದ್ಯಾ? ನಿನ್ನ ಸೊಪ್ಪು, ನಿನ್ನ ಉಪ್ಪು! ಒಂದು ಚಿಟಿಕೆ ಸುಣ್ಣದಷ್ಟಿಲ್ಲ ಇದು," ಎಂದು ನನ್ನ ಮುಂದೆ ಮಾತ್ರೆ ಹಿಡಿದು ನಕ್ಕರು. ಎಷ್ಟು ಕಾಲವಾಗಿತ್ತು ಆ ನಗು ನೋಡಿ! ನಾನು ಆ ಗುಮಾಸ್ತನಿಗೆ ಕೈಮುಗಿದೆ. ದೇವರೇ ಬಂದ ಹಾಗಾಗಿತ್ತು ನನಗೆ.

ಅಲ್ಲಿಂದ ಗುಮಾಸ್ತ ಬಂದಾಗಲೆಲ್ಲ ಪೊಟ್ಟಣವೂ ಬಂತು. ನೋವು ಮಾತ್ರೆಗೆ ಹೆದರಿದ್ದು ಸ್ವಲ್ಪ ದಿನ ಮಾತ್ರ. ಆಮೇಲೆ ಒಂದು ಸಾಲದಾಯಿತು, ಎರಡೂ ಸಾಲದಾಯಿತು. ಬೆಳಿಗ್ಗೆ ಬರಿಹೊಟ್ಟೆಗೆ ನುಂಗುವುದು, ಮಧ್ಯಾಹ್ನ ನುಂಗುವುದು, ನೀರಿಲ್ಲದೆ ಹಾಗೇ ಕಡಿದು ನುಂಗುವುದು. ನೋವು ಸತ್ತಿರುವಾಗ ಎದ್ದು ಓಡಾಡಿದರಾ? ಇಲ್ಲ! ನೋವಿಲ್ಲದ ಹೊತ್ತೆಲ್ಲ ನೇಯುವುದಕ್ಕೇ ಆಯಿತು. ಮೊದಲು ನೋವಿಗಾಗಿಯಾದರೂ ನಡುವೆ ಕೈ ನಿಲ್ಲಿಸುತ್ತಿದ್ದರು, ಈಗ ಅದೂ ಹೋಯಿತು. ಲಕ್ಕಿ ಸೊಪ್ಪಿನ ನೀರು ಕಾಯಿಸಿಟ್ಟರೆ ಆರಿ ತಣ್ಣಗಾಗುತ್ತಿತ್ತು.

ಹೊಟ್ಟೆ ಉರಿ ಎನ್ನತೊಡಗಿದರು. ಮುಖದ ಬಣ್ಣ ಗಂಜಿ ಹಾಕಿದ ನೂಲಿನ ಹಾಗೆ ಬೆಳ್ಳಗಾಯಿತು. ಎಸೆದ ಲಾಳಿ ನಡುದಾರಿಯಲ್ಲೇ ನಿಲ್ಲುತ್ತಿತ್ತು. "ಸಾಕು, ಆ ಮಾತ್ರೆ ಬಿಡಿ, ಆಸ್ಪತ್ರೆಗೆ ಹೋಗೋಣ" ಎಂದು ಕಾಲು ಹಿಡಿದುಕೊಂಡು ಕೇಳಿದೆ. ಹೌದು, ಆ ಕಾಲನ್ನೇ ಹಿಡಿದುಕೊಂಡು.

"ಈ ಸೀರೆ ಮುಗೀಲಿ," ಎಂದರು.

"ಸೀರೆ ಮುಗಿಯೋದರೊಳಗೆ ನೀವು ಮುಗೀತೀರಿ!"

"ಬಾಯಿಗೆ ಬಂದದ್ದು ಆಡ್ಬೇಡ. ಇನ್ನೊಂದು ಗೇಣು..."

ನಾನು ಕೇಳದೆ ಎದ್ದು ಹೋದೆ.

ಅದು ಹಬ್ಬಕ್ಕೆ ಸ್ವಲ್ಪ ದಿನ ಮೊದಲು, ಒಳ್ಳೆ ಬೆಳಗಿನ ಬಿಸಿಲು. ನಾನು ಹಿತ್ತಲಲ್ಲಿ ಮಜ್ಜಿಗೆ ಕಡೆಯುತ್ತಿದ್ದೆ. ನೇಕಾರರ ಮನೆಯ ಹೆಂಗಸಿಗೆ ಮಗ್ಗದ ಸದ್ದು ಉಸಿರಿನ ಹಾಗೆ. ಇರುವಾಗ ಕೇಳಿಸುವುದಿಲ್ಲ, ನಿಂತರೆ ಮೈ ಜುಮ್ಮೆನ್ನುತ್ತದೆ. ಸದ್ದು ನಿಂತಿತು. ಕಡಗೋಲು ಬಿಟ್ಟು ಓಡಿದೆ. ಅವರು ಪಡಮರದ ಮೇಲೆ ಬಲಗಡೆಗೆ ಕುಸಿದು ಬಿದ್ದಿದ್ದರು. ನೇಯ್ದ ಸೀರೆಯ ಮೇಲೆಲ್ಲ ಕಪ್ಪು ರಕ್ತ, ಕಾಫಿಯ ಗಸಿಯ ಹಾಗೆ. ಕಣ್ಣು ಅರೆ ತೆರೆದಿತ್ತು. ಮೈ ಮೆಲ್ಲಗೆ ಗುಂಡಿಯೊಳಕ್ಕೆ ಜಾರುತ್ತಿತ್ತು.

ಕೂಗಿದೆ. ಬೀದಿಯ ಗಂಡಸರು ಬಂದರು. ಕಂಕುಳಿಗೆ ಕೈ ಹಾಕಿ ಎಳೆದರು, ಬರಲಿಲ್ಲ. ಮಡಿಸಿದ ಮಂಡಿಗಳು ಹಿಡಿದುಕೊಂಡು ಪಡಮರದ ಕೆಳಗೆ ಸಿಕ್ಕಿಬಿದ್ದಿದ್ದವು, ಮರ ಹೊಟ್ಟೆಯನ್ನು ಒತ್ತುತ್ತಿತ್ತು. ಹಾಸಿನ ಹಗ್ಗ ಬಿಚ್ಚಿದರೆ ಮರ ಸಡಿಲವಾಗುತ್ತಿತ್ತು, ಆದರೆ ಅದರ ಗಂಟು ಅವರ ಮೈಯಡಿಯಲ್ಲೇ ಇತ್ತು. ಎಳೆದಾಗಲೆಲ್ಲ ಬಾಯಿಂದ ಇನ್ನಷ್ಟು ರಕ್ತ ಬಂತು.

"ಹಾಸು ಕೊಯ್ಯಿರಿ!" ಎಂದೆ.

ಯಾರೂ ಅಲ್ಲಾಡಲಿಲ್ಲ. ನಿಂತೇ ಇದ್ದರು. ಅವರನ್ನು ಈಗ ಬೈಯಲಾರೆ. ನಮ್ಮವರಲ್ಲಿ ಸೀರೆ ಮುಗಿಯದೆ ಮಗ್ಗದ ಹಾಸಿನ ಎಳೆಗೆ ಕತ್ತಿ ಹಾಕುವುದಿಲ್ಲ. ಹಾಕುವುದು ಒಂದೇ ಸಲ, ನೇಕಾರ ಸತ್ತಾಗ. ಅವನು ಎಲ್ಲಿಯವರೆಗೆ ನೇಯ್ದಿದ್ದನೋ ಅಲ್ಲಿಗೆ ಕೊಯ್ದು, ಆ ತುಂಡನ್ನು ಅವನಿಗೇ ಹೊದಿಸಿ ಕಳಿಸುತ್ತಾರೆ. ಉಳಿದ ಹಾಸನ್ನು ಬೇರೆ ಕೈ ಮುಂದುವರಿಸುತ್ತದೆ. ಬದುಕಿರುವವನ ಹಾಸು ಕೊಯ್ಯುವುದೆಂದರೆ ಇವನು ಸತ್ತ ಎಂದು ಬಾಯಿಬಿಟ್ಟು ಹೇಳಿದಂತೆ.

ನೂಲು ಕತ್ತರಿಸುವ ಕತ್ತಿ ಮಗ್ಗದ ಕಂಬಕ್ಕೇ ಸಿಕ್ಕಿಸಿತ್ತು. ಕಿತ್ತುಕೊಂಡೆ. ಅತ್ತಿಗೆ ನನ್ನ ಕೈಗೆ ಜೋತುಬಿದ್ದಳು.

"ಬ್ಯಾಡ ಕಣೇ, ನಿನ್ನ ದಮ್ಮಯ್ಯ! ನನ್ನ ತಮ್ಮ ಇನ್ನೂ ಉಸಿರಾಡ್ತಾ ಅವ್ನೆ! ಮುತ್ತೈದೆ ಕಣೇ ನೀನು!"

"ಉಸಿರಾಡ್ತಾ ಇರೋದಕ್ಕೇ ಕೊಯ್ತಿರೋದು, ಬಿಡಿ!" ಎಂದು ದೂಡಿದೆ.

ಬಿಗಿಯಾಗಿ ಎಳೆದ ಹಾಸು ಕತ್ತಿ ತಾಗಿದ ಕೂಡಲೇ ಪಟಪಟನೆ ಹರಿದು ಹಿಂದಕ್ಕೆ ಚಿಮ್ಮಿತು. ಮರ ಸಡಿಲಾಯಿತು. ಅವರ ತಲೆ ನನ್ನ ತೊಡೆಯ ಮೇಲೆ ಬಿತ್ತು. ಹಿಂದೆ ಅತ್ತಿಗೆ ಎದೆ ಬಡಿದುಕೊಂಡು ಅಳುತ್ತಿದ್ದಳು, ಸಾವಿನ ಮನೆಯಲ್ಲಿ ಅಳುವ ರಾಗದಲ್ಲೇ. ನನ್ನ ತಾಳಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಾನು ಅವರ ಕಾಲೆತ್ತಿದೆ. ಕೊಯ್ದ ಸೀರೆಯ ತುಂಡಿನಲ್ಲೇ ಅವರನ್ನು ಹೊತ್ತು ಗಾಡಿಗೆ ಹಾಕಿದರು. ಗಾಡಿ ಅವಿನಾಶಿ ರಸ್ತೆಯವರೆಗೆ, ಅಲ್ಲಿಂದ ಬಸ್ಸಿನಲ್ಲಿ ಕೊಯಮತ್ತೂರಿನ ದೊಡ್ಡಾಸ್ಪತ್ರೆ. ದಾರಿಯಲ್ಲಿ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದೆ. ಇದೆಯಾ, ಇದೆ. ಇದೆಯಾ, ಇದೆ. ಬೇರೆ ಯಾವ ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ.

ಉಸಿರು ಉಳಿಯಿತು. ನಾನು ಮಾತ್ರೆಯ ವಿಷಯ ಹೇಳಿದಾಗ ಆಸ್ಪತ್ರೆಯ ಡಾಕ್ಟರು ಪೊಟ್ಟಣ ತೋರಿಸು ಎಂದರು. ತೋರಿಸಿದೆ. ಅವರಿಗೆ ಬಂದ ಸಿಟ್ಟು ನನ್ನ ಸಿಟ್ಟಿಗಿಂತ ದೊಡ್ಡದು. ಇದು ಆಸ್ಪಿರಿನ್, ಒಳ್ಳೆಯ ಔಷಧಿಯೇ, ಆದರೆ ಬರಿಹೊಟ್ಟೆಗೆ ಹೀಗೆ ಕಡಲೆಯ ಹಾಗೆ ತಿಂದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತದೆ ಎಂದರು. ಮಲ ಕಪ್ಪಾಗಿ ಹೋಗುತ್ತಿರಲಿಲ್ಲವೆ ಎಂದು ಇವರನ್ನು ಕೇಳಿದರು. ಇವರು ತಲೆಯಾಡಿಸಿದರು. ಹೋಗುತ್ತಿತ್ತಂತೆ! ಎಷ್ಟೋ ದಿನದಿಂದ! ನನಗೊಂದು ಮಾತು ಹೇಳಿದ್ದರೆ!

"ಇನ್ನು ಈ ಮಾತ್ರೆಯನ್ನು ಇವರು ಮುಟ್ಟುವ ಹಾಗಿಲ್ಲ," ಎಂದರು ಡಾಕ್ಟರು ತಮಿಳಿನಲ್ಲಿ. ಮಂಡಿಗೆ ಬೇರೆ ಏನು ಎಂದು ಕೇಳಿದೆ. ಶಾಖ, ಎಣ್ಣೆ, ಮೆಲ್ಲಗೆ ನಡೆಯುವುದು, ಕಾಲು ಚಾಚಿ ಮಡಿಸುವುದು, ಎತ್ತರದಲ್ಲಿ ಕೂರುವುದು. ಗುಂಡಿ ಬೇಡ ಎಂದರು. ಅಷ್ಟೆ. ನಮ್ಮ ವೈದ್ಯರು ಹೇಳಿದ್ದಕ್ಕಿಂತ ಹೆಚ್ಚೇನೂ ಅವರ ಹತ್ತಿರವೂ ಇರಲಿಲ್ಲ.

ಯಜಮಾನರಿಗೆ ಮಾತಾಡುವ ಶಕ್ತಿ ಬಂದಾಗ ಮೊದಲು ಕೇಳಿದ್ದು, "ಹಾಸು?"

"ಕೊಯ್ದೆ," ಎಂದೆ.

ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಮನೆಗೆ ಬಂದೆವು. ಬೀದಿಯ ಹಿರಿಯರು ಬಂದು ಮೆಲುದನಿಯಲ್ಲಿ ಹೇಳಿಹೋದರು, ಹಾಸು ಕೊಯ್ದ ಮೇಲೆ ಆ ಮಗ್ಗಕ್ಕೆ ಅವನು ಇನ್ನು ಕೂರುವ ಹಾಗಿಲ್ಲ, ಕೂತರೆ ಮನೆಗೆ ಆಗುವುದಿಲ್ಲ ಅಂತ. ಯಜಮಾನರು ಕೇಳಿಸಿಕೊಂಡು, "ನಾನು ಸತ್ತವನು ತಾನೆ, ಸತ್ತವನಿಗೆ ಯಾಕೆ ಮಗ್ಗ," ಎಂದರು. ನನ್ನ ಜೊತೆ ಒಂದು ಮಾತಿಲ್ಲ. ಮಗ್ಗ ಇಲ್ಲ, ಮಾತ್ರೆ ಇಲ್ಲ, ನೋವು ಮಾತ್ರ ಇದ್ದಲ್ಲೇ ಇತ್ತು. ಇಷ್ಟು ದಿನ ಮಾತ್ರೆ ಅದುಮಿ ಹಿಡಿದಿದ್ದ ನೋವೆಲ್ಲ ಒಟ್ಟಿಗೆ ಎದ್ದು ಬಂದ ಹಾಗಿತ್ತು. ಒಂದು ಮಧ್ಯಾಹ್ನ ಆ ಎತ್ತರದ ಮನುಷ್ಯ, ಬೀದಿಯಲ್ಲಿ ತಲೆಯೆತ್ತಿ ನಡೆದವರು, ನನ್ನ ಸೆರಗು ಹಿಡಿದುಕೊಂಡರು.

"ಒಂದೇ ಒಂದು ಕೊಡೇ. ಎಲ್ಲಿ ಬಚ್ಚಿಟ್ಟಿದ್ದೀಯ ಹೇಳು. ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು."

ಎಲ್ಲವನ್ನೂ ಒಲೆಗೆ ಹಾಕಿದ್ದೆ. ಹಾಗೆಂದು ಹೇಳಿದೆ. "ನನ್ನ ಹಾಸು ಕೊಯ್ದವಳು ನೀನು, ನೋವನ್ನೂ ಕೊಯ್ಯೇ!" ಎಂದು ಅವರು ಚಾಪೆಗೆ ಮುಖ ಒತ್ತಿ ಅತ್ತರು. ಬದುಕಿಸಿದ್ದು ಯಾರಿಗಾಗಿ, ಅವರಿಗಾಗಿಯೋ, ನನ್ನ ತಾಳಿಗಾಗಿಯೋ ಎಂದು ಆ ಹೊತ್ತಿನಲ್ಲಿ ನನಗೇ ಗೊತ್ತಾಗಲಿಲ್ಲ. ಲಕ್ಕಿ ಸೊಪ್ಪು ಕುದಿಯುತ್ತಿತ್ತು. ಬಟ್ಟೆ ಅದ್ದಿ, ಹಿಂಡಿ, ಮಂಡಿಯ ಮೇಲೆ ಹಾಕಿದೆ. ಒದ್ದರು. ಮತ್ತೆ ಹಾಕಿದೆ.

ಹೀಗೇ ಒದೆಸಿಕೊಂಡು ಮಾಡುತ್ತ ಹೋದೆ. ಎಣ್ಣೆ, ಸೊಪ್ಪು, ಬಿಸಿನೀರು. ಕಾಲನ್ನು ನನ್ನ ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಚಾಚಿ ಮಡಿಸುವುದು. ಬಡಗಿಯನ್ನು ಕರೆಸಿ, ಹಳೆಯ ಎತ್ತರದ ಮಣೆಯ ನಡುವೆ ರಂಧ್ರ ಕೊರೆಸಿ, ಹಿತ್ತಲಿನ ಮರೆಯಲ್ಲಿ ಇಡಿಸಿದೆ, ಕುಕ್ಕರಗಾಲಲ್ಲಿ ಕೂರುವುದು ತಪ್ಪಿತು. ಬೀದಿಯವರು ನಕ್ಕರು. ನಗಲಿ, ಅವರ ಮಂಡಿ ಚೆನ್ನಾಗಿತ್ತಲ್ಲ! ಅಂದಿನಿಂದ ಯಜಮಾನರು ಹೊಟ್ಟೆ ತುಂಬ ಉಂಡರು, ಚೊಂಬಿನ ನೀರು ಖಾಲಿಯಾಗತೊಡಗಿತು. ನೋವು ಹೋಯಿತು ಎಂದು ಸುಳ್ಳು ಹೇಳಲಾರೆ. ಕೋಲು ಹಿಡಿದು ಬಾಗಿಲವರೆಗೆ ಹೋಗಿಬರುವಷ್ಟಕ್ಕೆ ಬಂತು. ಅದೇ ನಮಗೆ ಸಿಕ್ಕಿದ್ದು.

ಆದರೆ ಒಲೆ ಉರಿಯಬೇಕಲ್ಲ. ವ್ಯಾಪಾರಿ ನೂಲು ನಿಲ್ಲಿಸುತ್ತೇನೆ ಎಂದು ಹೇಳಿ ಕಳಿಸಿದ. ಒಂದು ಬೆಳಿಗ್ಗೆ ನಾನು ಅತ್ತಿಗೆಗೆ ಕೇಳುವಂತೆ ಹೇಳಿದೆ, "ಬೇರೆ ಕೈ ಮುಂದುವರಿಸಬಹುದು ಅಂತಲ್ಲವಾ ಪದ್ಧತಿ? ಆ ಬೇರೆ ಕೈ ನಂದೇ."

"ಹೆಂಗಸು ಗುಂಡಿಗೆ ಇಳೀತಾಳಾ!" ಎಂದು ಆಕೆ ಬಾಯಿಗೆ ಕೈ ಹಿಡಿದಳು.

ನಾನು ಇಳಿದೇಬಿಟ್ಟೆ. ಕಾಲು ತುಳಿಮಣೆಗೆ ಮುಟ್ಟಲಿಲ್ಲ. ಅವರ ಅಳತೆಯ ಗುಂಡಿ, ನಾನು ಗಿಡ್ಡಿ. ಗಾಳಿಯಲ್ಲಿ ಕಾಲು ಆಡಿಸುತ್ತ ಕೂತೆ. ಆಗ ಅವರು ಹಾಸಿಗೆಯಿಂದ ಎದ್ದು, ಕೋಲೂರಿಕೊಂಡು ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ. ನೂಲಿನ ಎಳೆಯೊಂದನ್ನು ಕಿತ್ತು ನನ್ನ ಕಡೆ ಎಸೆದರು.

"ಮಂಡಿಯಿಂದ ಹಿಮ್ಮಡಿಗೆ ಹಿಡಿ."

ಮಾತ್ರೆ ಕೇಳಿದ್ದು ಬಿಟ್ಟರೆ, ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು. ಹಿಡಿದೆ. ಆ ಅಳತೆಗೆ ಗುಂಡಿಗೆ ಎಷ್ಟು ಮಣ್ಣು ತುಂಬಬೇಕು, ತುಳಿಮಣೆಯನ್ನು ಎಷ್ಟು ಎತ್ತರಿಸಬೇಕು, ಎಲ್ಲ ಹೇಳಿದರು. ನಾನೂ ಅತ್ತಿಗೆಯೂ ಮಣ್ಣು ಹೊತ್ತು ತಂದು ತುಂಬಿ ಬಡಿದೆವು. ತಮ್ಮನ ಗುಂಡಿ ಮುಚ್ಚುತ್ತಿದೆ ಎಂದು ಅತ್ತಿಗೆ ಅಳುತ್ತಲೇ ಹೊತ್ತಳು. ಅವರು ಎತ್ತರದ ಬೆಂಚಿನ ಮೇಲೆ ಕಾಲು ಚಾಚಿ ಕೂತು, ನಾನು ಕೊಯ್ದಿದ್ದ ಹಾಸಿನ ತುದಿಗಳನ್ನು ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಕುಚ್ಚಾಗಿ ಹೊಸೆದು ಪಡಮರಕ್ಕೆ ಕಟ್ಟಿಕೊಟ್ಟರು. ನನ್ನ ಮುಖ ನೋಡಲಿಲ್ಲ.

ಕಲಿಯುವಾಗ ಎಷ್ಟು ಬೈಗುಳ ತಿಂದೆನೋ. ಲಾಳಿ ನೆಲಕ್ಕೆ ಬೀಳುತ್ತಿತ್ತು, ಅಂಚು ಸೊಟ್ಟಗಾಗುತ್ತಿತ್ತು. ಬರಬರುತ್ತ ಕೈ ಕೂಡಿತು. ಅವರು ಬೆಂಚಿನ ಮೇಲೆ ಕೂತು ರಾಟೆ ತಿರುಗಿಸಿ ನನಗೆ ಕಂಡಿಕೆ ಸುತ್ತಿ ಕೊಡತೊಡಗಿದರು, ಹೆಂಗಸರ ಕೆಲಸ. ಬೀದಿಯಲ್ಲಿ ಯಾರು ಏನಂದರು ಎಂದು ನಾನು ಕೇಳಲಿಲ್ಲ, ನನಗೆ ಪುರುಸೊತ್ತಿರಲಿಲ್ಲ.

ಒಂದು ದಿನ ನೇಯ್ಗೆ ಸೀರೆಯ ಸೆರಗಿಗೆ ಬಂದಿತ್ತು. ಕೈಗೆ ಓಟ ಸಿಕ್ಕಿತ್ತು. ಬೆಳಿಗ್ಗೆ ಕೂತವಳು ಎದ್ದಿರಲಿಲ್ಲ. ಮಂಡಿ ಸಣ್ಣಗೆ ಹಿಡಿದುಕೊಂಡಿತ್ತು, ಎದ್ದರೆ ಓಟ ತಪ್ಪುತ್ತದೆ ಎಂದು ಸುಮ್ಮನಿದ್ದೆ. ಅತ್ತಿಗೆ ತಟ್ಟೆ ಹಿಡಿದು ಗುಂಡಿಯ ಹತ್ತಿರ ಬರುತ್ತಿದ್ದಳು. ಬೆಂಚಿನಿಂದ ಅವರ ದನಿ ಬಂತು.

"ಏ ಇವಳೇ, ಎದ್ದು ಬಾ. ಊಟದ ಹೊತ್ತು ಮೀರಿತು."

"ಇನ್ನೊಂದು ಗೇಣು, ಎದ್ದುಬುಡ್ತೀನಿ," ಎಂದೆ.

ರಾಟೆಯ ಸದ್ದು ನಿಂತಿತು. ನನ್ನ ಕೈಯಲ್ಲಿ ಲಾಳಿಯೂ ನಿಂತಿತು. ತಲೆಯೆತ್ತಲು ನನಗೆ ಧೈರ್ಯ ಬರಲಿಲ್ಲ. ಬೆಂಚು ಕಿರುಗುಟ್ಟಿತು. ಕೋಲಿನ ಸದ್ದು, ಕಾಲೆಳೆಯುವ ಸದ್ದು, ಗಂಟಲಿನ ಆ ಹಳೆಯ ಸದ್ದು. ಅವರು ಅಕ್ಕನ ಕೈಯಿಂದ ತಟ್ಟೆ ಕಿತ್ತುಕೊಂಡು ಬೆಂಚಿನ ಮೇಲಿಟ್ಟರು. ಮೂಲೆಯಲ್ಲಿದ್ದ ನೀರಿನ ಚೊಂಬು ಎತ್ತಿಕೊಂಡರು. ನನ್ನ ಹತ್ತಿರಕ್ಕೆ ತರಲಿಲ್ಲ. ನಡುಮನೆ ದಾಟಿ, ಗೋಡೆ ಹಿಡಿದು, ಹೆಜ್ಜೆ ಹೆಜ್ಜೆಗೂ ನಿಂತು, ಅದನ್ನು ಬೀದಿಬಾಗಿಲಿನ ಹೊಸ್ತಿಲಾಚೆ ಇಟ್ಟು, ಅಲ್ಲೇ ಕಂಬ ಹಿಡಿದು ನನಗಾಗಿ ಕಾಯುತ್ತ ನಿಂತರು.

"ನೀರು ಇಲ್ಲಿದೆ," ಎಂದರು. "ಎದ್ದು ಬಂದು ಕುಡಿ."